ಕೋಟಿನ ಜೇಬಿನಲ್ಲಿ ದಂಟಿನ ಸೊಪ್ಪು

ನನ್ನನ್ನು ಯಾಮಾರಿಸುವುದು ಸುಲಭವಲ್ಲ. ಇದನ್ನು ಜಂಬಕ್ಕಾಗಿ ಹೇಳುತ್ತಿಲ್ಲ, ಸಾರ್ವಜನಿಕರ ಮಾಹಿತಿಗಾಗಿ ಹೇಳುತ್ತಿದ್ದೇನೆ. ನ್ಯೂಜೆರ್ಸಿಯ ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಅಂದರೆ, ಬೇರೆಯವರು ಸರಿಯಾಗಿದೆ ಎಂದು ಕಳಿಸಿದ್ದರಲ್ಲಿ ತಪ್ಪು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಸಂಜೆ ಮನೆಗೆ ಬಂದ ಮೇಲೂ ಅದೇ ಕೆಲಸವನ್ನು ಸಂಬಳವಿಲ್ಲದೆ ಮುಂದುವರಿಸುತ್ತೇನೆ ಎಂದು ನನ್ನ ಹೆಂಡತಿ ಶಾರದೆಯ ದೂರು.

ಈ ಗುಣದಿಂದಲೇ, ಅಮೆರಿಕಕ್ಕೆ ಬಂದು ಮೂವತ್ತು ವರ್ಷವಾದರೂ ನನ್ನ ಸಸ್ಯಾಹಾರಕ್ಕೆ ಒಂದು ಚುಕ್ಕೆಯೂ ತಗಲಿರಲಿಲ್ಲ. ಮೊಸರಿನೊಳಗೆ ಅಡಗಿ ಕೂತಿದ್ದ, ಪ್ರಾಣಿಗಳ ಮೂಳೆಯಿಂದ ಮಾಡಿದ ಜೆಲಟಿನ್ನನ್ನು ಹಿಡಿದಿದ್ದೇನೆ. ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿಯಲ್ಲಿ ಹಂದಿ ಕೊಬ್ಬನ್ನು ಹಿಡಿದಿದ್ದೇನೆ. ನೋಡಲು ಬಹಳ ಸಭ್ಯವಾಗಿದ್ದ ಒಂದು ಸಾಸಿನಲ್ಲಿ ಮೀನನ್ನೇ ಹಿಡಿದಿದ್ದೇನೆ! ಕನ್ನಡ ಕೂಟದಲ್ಲಿ ಇದರಿಂದ ನನಗೊಂದು ಸ್ಥಾನವಿದೆ. ದೂರದ ಹಿಕ್ಸ್‌ವಿಲ್‌ನ ಹುಡುಗರೂ ಅಂಗಡಿಯಲ್ಲಿ ನಿಂತುಕೊಂಡೇ ಫೋನ್ ಮಾಡಿ, "ಶ್ರೀಕಂಠ ಅಂಕಲ್, ಈ ಚಿಪ್ಸ್ ಸೇಫಾ?" ಎಂದು ಕೇಳುತ್ತಾರೆ. ಮನೆ ಬ್ಯಾಂಕಿನದು, ಕಾರು ಹಳೆಯದು. ಈ ನಿಷ್ಕಳಂಕ ದಾಖಲೆಯೊಂದೇ ನಾನು ಸ್ವಂತವಾಗಿ ಸಂಪಾದಿಸಿದ್ದು. ಅದನ್ನು ಕಾಪಾಡಿಕೊಳ್ಳುವುದೇ ನನ್ನ ಜೀವನದ ಗುರಿಯಾಗಿತ್ತು.

ಅದಕ್ಕೆ ಗಂಡಾಂತರ ಬಂದದ್ದು ಪಕ್ಕದ ಮನೆಯಿಂದ. ಮೆಟುಚೆನ್‌ನಲ್ಲಿ ನಮ್ಮ ಬೇಲಿಯ ಆಚೆ ವರ್ನಾ ಮತ್ತು ಡೆಸ್ಮಂಡ್ ಎಂಬ ದಂಪತಿ ಇದ್ದಾರೆ. ವರ್ನಾ ಜಮೈಕಾದವರು. ಡೆಸ್ಮಂಡ್ ಸೌತ್ ಕ್ಯಾರೊಲಿನಾದವರು. ಇಬ್ಬರೂ ಸೇರಿ ರೂಟ್ ಟ್ವೆಂಟಿಸೆವೆನ್ ಮೇಲೆ ಒಂದು ರೆಸ್ಟೋರೆಂಟ್ ನಡೆಸುತ್ತಾರೆ. ಅಲ್ಲಿ ಮೀನು, ಸೀಗಡಿ, ಏಡಿ ಸಿಗುತ್ತವೆ. ಇವು ಬೇಡವೆಂದರೆ ಏಡಿ, ಸೀಗಡಿ, ಮೀನು ಸಿಗುತ್ತವೆ. ಆ ರಸ್ತೆಯಲ್ಲಿ ಡ್ರೈವ್ ಮಾಡುವಾಗ ನಾನು ಮುನ್ನೆಚ್ಚರಿಕೆಯಾಗಿ ಕಾರಿನ ಕಿಟಕಿ ಏರಿಸುತ್ತೇನೆ.

ಶಾರದೆ ಮಾತ್ರ ಬೇಲಿಯ ಪಕ್ಕ ನಿಂತು ನಿಂತೇ ವರ್ನಾ ಜೊತೆ ಗಾಢ ಸ್ನೇಹ ಬೆಳೆಸಿದ್ದಳು. ನಮ್ಮ ಹಿತ್ತಿಲಿನ ದಂಟಿನ ಸೊಪ್ಪನ್ನು ಕಂಡು ವರ್ನಾ, "ಇದು ನಮ್ಮೂರಿನ ಕ್ಯಾಲಲೂ!" ಎಂದು ಕುಣಿದಾಡಿಬಿಟ್ಟರಂತೆ. ಶಾರದೆ ಒಂದು ಹಿಡಿ ಬೀಜ ಕೊಟ್ಟಳು. ಬೇಸಿಗೆ ಮುಗಿಯುವಷ್ಟರಲ್ಲಿ ಬೇಲಿಯ ಆಚೆಯೂ ಸೊಪ್ಪು ಸೊಂಟದೆತ್ತರಕ್ಕೆ ಬೆಳೆದು ನಿಂತಿತು. ಸೆಪ್ಟೆಂಬರಿನ ಒಂದು ಸಂಜೆ ವರ್ನಾ ಬೇಲಿಯ ಮೇಲಿಂದ ತಲೆ ಹಾಕಿ, ಭಾನುವಾರ ಮಧ್ಯಾಹ್ನ ಇಬ್ಬರೂ ರೆಸ್ಟೋರೆಂಟಿಗೆ ಊಟಕ್ಕೆ ಬರಲೇಬೇಕೆಂದೂ, ನಮಗಾಗಿ ತಾವೇ ಅಡುಗೆ ಮಾಡುವುದಾಗಿಯೂ ಹೇಳಿದರು.

ನನ್ನ ಕಿವಿ ನೆಟ್ಟಗಾಯಿತು. ಮೀನಿನ ಹೋಟೆಲಿನವರು ಮೀನು ತಿನ್ನದವರನ್ನು ಊಟಕ್ಕೆ ಕರೆಯುವುದೆಂದರೇನು?

"ಪ್ರೀತಿಗೆ ಕಣ್ರೀ," ಎಂದಳು ಶಾರದೆ.

"ಪ್ರೀತಿ ಇರಬಹುದು. ಸೌಟು? ಮೀನಿನ ಸಾರಲ್ಲಿ ಮುಳುಗಿ ಎದ್ದಿರೋ ಸೌಟೇ ತಾನೆ ನಮ್ಮ ಸೊಪ್ಪಿಗೂ ಬರೋದು?"

"ಅಷ್ಟು ಅನುಮಾನ ಇದ್ರೆ ಅವರನ್ನೇ ಕೇಳಿ. ಅವರೇನು ಬೈತಾರಾ?"

ಯೂನಿವರ್ಸಿಟಿಯಲ್ಲಿ ಓದುವ ಮಗಳು ಅನಘಾ ಫೋನಿನಲ್ಲಿ ಅಮ್ಮನ ಪಕ್ಷವನ್ನೇ ಹಿಡಿದಳು. "ಜಸ್ಟ್ ಆಸ್ಕ್ ಹರ್, ಅಪ್ಪ! ಇಟ್ಸ್ ಲಂಚ್, ನಾಟ್ ಅ ಕ್ರೈಮ್ ಸೀನ್."

ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಇದೆಲ್ಲ ಹೇಗೆ ಅರ್ಥವಾಗಬೇಕು? ಪ್ರೀತಿಯಿಂದ ಕರೆದು ಬಡಿಸಿದವರ ಮುಂದೆ ಕೂತು, "ಇದಕ್ಕೆ ಏನು ಹಾಕಿದ್ದೀರಿ?" ಎಂದು ಕೇಳುವುದು ನಮ್ಮ ಮೈಸೂರು ಕಡೆ ದೊಡ್ಡ ಅವಮರ್ಯಾದೆ. ಅದಕ್ಕಿಂತ ದೊಡ್ಡದು ಒಂದೇ ಒಂದಿದೆ. ಅದು ಬಡಿಸಿದ್ದನ್ನು ಬಿಟ್ಟು ಏಳುವುದು. ಹೀಗಾಗಿ ನನ್ನ ಪರಿಸ್ಥಿತಿ ಏನಾಯಿತು ನೋಡಿ. ಕೇಳುವಂತಿಲ್ಲ, ಬಿಡುವಂತಿಲ್ಲ, ತಿನ್ನುವಂತಂತೂ ಇಲ್ಲವೇ ಇಲ್ಲ!

ಎರಡು ದಿನ ಆಳವಾಗಿ ಯೋಚಿಸಿ ಒಂದು ಉಪಾಯ ಕಂಡುಕೊಂಡೆ. ಅಡುಗೆಮನೆಯ ಡ್ರಾಯರಿನಿಂದ ದೊಡ್ಡ ಸೈಜಿನ ಜಿಪ್ ಬ್ಯಾಗುಗಳನ್ನು ತೆಗೆದು ನನ್ನ ಕೋಟಿನ ಒಳಜೇಬಿನಲ್ಲಿ ಮಡಚಿ ಇಟ್ಟುಕೊಂಡೆ. ತಟ್ಟೆ ಖಾಲಿಯಾಗುತ್ತದೆ, ವರ್ನಾಗೆ ಸಂತೋಷವಾಗುತ್ತದೆ, ನನ್ನ ದಾಖಲೆ ಉಳಿಯುತ್ತದೆ. ಇಂಥ ಯೋಜನೆಗಳಿಗೆ ನಮ್ಮ ಆಫೀಸಿನಲ್ಲಿ ಪ್ರಮೋಷನ್ ಕೊಡುತ್ತಾರೆ.

ಹಾಗಾದರೆ ಹೊಟ್ಟೆಯ ಗತಿ? ಭಾನುವಾರ ಬೆಳಿಗ್ಗೆ ನಾಲ್ಕು ದೋಸೆ ಬಾರಿಸಿಕೊಂಡೇ ಹೊರಡೋಣವೆಂದುಕೊಂಡರೆ ಶಾರದೆ ಒಲೆಯನ್ನೇ ಹಚ್ಚಲಿಲ್ಲ. "ಊಟಕ್ಕೆ ಕರೆದಿದ್ದಾರೆ. ಹೊಟ್ಟೆ ತುಂಬಿಸ್ಕೊಂಡು ಹೋದ್ರೆ ಅವರಿಗೆ ಅವಮಾನ ಮಾಡಿದ ಹಾಗೆ," ಎಂದಳು. ಒಂದು ಲೋಟ ಕಾಫಿಯಲ್ಲಿ ನನ್ನ ಉಪಾಹಾರ ಮುಗಿಯಿತು.

"ಈ ಸೆಖೇಲಿ ಕೋಟು ಯಾಕ್ರೀ?" ಎಂದು ಅವಳು ಕೇಳಿದಾಗ, "ಗೌರವಕ್ಕೆ," ಎಂದೆ.

ರೆಸ್ಟೋರೆಂಟಿನ ಬಾಗಿಲು ತೆಗೆದರೆ ಒಳಗೆ ಜಾತ್ರೆಯಂಥ ಗಲಾಟೆ. ಚರ್ಚಿನಿಂದ ನೇರವಾಗಿ ಬಂದಿದ್ದ ಹೆಂಗಸರು ಅಗಲವಾದ ಹ್ಯಾಟು ಹಾಕಿಕೊಂಡು ಕೂತಿದ್ದರು. ಒಂದು ಮೂಲೆಯಲ್ಲಿ ಉಕ್ಕಿನ ಡ್ರಮ್ಮನ್ನು ಒಬ್ಬ ಮೈಮರೆತು ಬಾರಿಸುತ್ತಿದ್ದ. ವಕೀಲರಂತೆಯೂ ಡಾಕ್ಟರರಂತೆಯೂ ಕಾಣುವ ದೊಡ್ಡ ಮನುಷ್ಯರು ಕೊರಳಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಏಡಿಯ ಕಾಲುಗಳನ್ನು ಲಟಲಟ ಮುರಿಯುತ್ತಿದ್ದರು. ನಾನು ಉಸಿರನ್ನು ಅರ್ಧಕ್ಕೆ ಇಳಿಸಿ, ಮೈಯೆಲ್ಲ ಕಣ್ಣಾಗಿ ಒಳಗೆ ಹೆಜ್ಜೆ ಇಟ್ಟೆ.

ವರ್ನಾ ಓಡಿ ಬಂದು ಶಾರದೆಯನ್ನು ತಬ್ಬಿಕೊಂಡರು. ಎತ್ತರದ, ದೊಡ್ಡ ದನಿಯ ಹೆಂಗಸು. ಅವರು ಮಾತಾಡಿದರೆ ಡ್ರಮ್ಮಿನವನೂ ಒಂದು ಕ್ಷಣ ನಿಲ್ಲಿಸುತ್ತಾನೆ. ನಮ್ಮನ್ನು ಅಡುಗೆಮನೆಯ ಬಾಗಿಲಿಗೆ ಹತ್ತಿರವಿದ್ದ, ತಮ್ಮ ಮನೆಯವರೇ ಕೂರುವ ಟೇಬಲ್ಲಿಗೆ ಕರೆದೊಯ್ದರು. ಅಲ್ಲಿ ಡೆಸ್ಮಂಡ್ ಆಗಲೇ ಕೂತಿದ್ದರು.

"ಕೋಟು ತೆಗೀರಿ ಮಿಸ್ಟರ್ ಶ್ರೀ, ಇಲ್ಲಿ ಬಿಸಿ ಜಾಸ್ತಿ," ಎಂದರು ವರ್ನಾ.

"ಬೇಡ, ಬೇಡ. ನನಗೆ ಚಳಿ," ಎಂದೆ. ಹಣೆಯಿಂದ ಬೆವರು ಇಳಿಯುತ್ತಿತ್ತು.

ವರ್ನಾ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, "ನೀಲಿ ಬಟ್ಟಲಲ್ಲಿ ಏನು ಬಂದ್ರೂ ಅದು ನಿಮ್ಮಿಬ್ಬರದ್ದೇ," ಎಂದು ಹೇಳಿ ಒಳಗೆ ಹೋದರು.

ಶಾರದೆ ಖುಷಿಯಿಂದ ತಲೆಯಾಡಿಸಿದಳು. ನನಗೆ ಖುಷಿಯಾಗಲಿಲ್ಲ. ಟೆಸ್ಟಿಂಗಿನಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಒಂದು ವಿಷಯ ಗೊತ್ತಿರುತ್ತದೆ. ಯಾವುದನ್ನು ನಮ್ಮ ಮುಂದೆ ಒತ್ತಿ ಒತ್ತಿ ಇಡುತ್ತಾರೋ ಅದರಲ್ಲೇ ಹುಳುಕಿರುತ್ತದೆ!

ನೀಲಿ ಬಟ್ಟಲುಗಳು ಬಂದವು. ಒಂದರಲ್ಲಿ ಹಸಿರು ಸೊಪ್ಪಿನ ಪಲ್ಯ. ಒಂದರಲ್ಲಿ ಕಾಳು ಬೆರೆಸಿದ ಅನ್ನ. ಇನ್ನೊಂದರಲ್ಲಿ ಬಾಳೆಹಣ್ಣಿನ ಹಾಗೆ ಕಾಣುವ ಏನೋ ಒಂದು, ಹೋಳು ಮಾಡಿ ಕರಿದದ್ದು. ಕೊನೆಯದರಲ್ಲಿ ಅಲಸಂದೆ ಕಾಳಿನ ಉಂಡೆಗಳು, ನಮ್ಮ ವಡೆಯ ಅಣ್ಣತಮ್ಮಂದಿರ ಹಾಗೆ. ನಾನು ಒಂದೊಂದನ್ನೇ ವಿಚಾರಣೆಗೆ ಒಳಪಡಿಸಿದೆ. ಸೊಪ್ಪು ಇಷ್ಟು ಹೊಳೆಯುತ್ತಿದೆಯಲ್ಲ, ಯಾವ ಕೊಬ್ಬು? ಅನ್ನಕ್ಕೆ ಈ ಕಂದು ಬಣ್ಣ ಎಲ್ಲಿಂದ ಬಂತು? ಉಂಡೆಗಳನ್ನು ಯಾವ ಎಣ್ಣೆಯಲ್ಲಿ ಕರಿದರು, ಆ ಎಣ್ಣೆಯಲ್ಲಿ ಅದಕ್ಕೆ ಮೊದಲು ಯಾರು ಈಜಾಡುತ್ತಿದ್ದರು?

ಅಷ್ಟರಲ್ಲಿ ಶಾರದೆ ಅರ್ಧ ತಟ್ಟೆ ಮುಗಿಸಿದ್ದಳು.

"ನಮ್ಮ ದಂಟಿನ ಸೊಪ್ಪೇ ಕಣ್ರೀ! ತೆಂಗಿನಹಾಲು ಹಾಕಿದ ಅನ್ನ. ಎಷ್ಟು ಚೆನ್ನಾಗಿದೆ! ತಿನ್ನಿ."

"ನಿಧಾನವಾಗಿ ತಿನ್ನು. ಎಲ್ಲ ನೋಡ್ಕೊಂಡು ತಿನ್ನು," ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ.

ಡೆಸ್ಮಂಡ್ ಯಾರೋ ಗಿರಾಕಿಯನ್ನು ಮಾತಾಡಿಸಲು ಎದ್ದುಹೋದರು. ಶಾರದೆ ಹ್ಯಾಟುಗಳನ್ನು ನೋಡುತ್ತಿದ್ದಳು. ಇದೇ ಸಮಯ! ಜಿಪ್ ಬ್ಯಾಗನ್ನು ತೊಡೆಯ ಮೇಲೆ ಬಿಚ್ಚಿ ಹಿಡಿದು, ತಟ್ಟೆಯನ್ನು ಟೇಬಲ್ಲಿನ ಅಂಚಿಗೆ ಎಳೆದು, ಸೊಪ್ಪು, ಅನ್ನ, ಉಂಡೆ ಎಲ್ಲವನ್ನೂ ಒಂದೇ ಸಲ ಒಳಗೆ ತಳ್ಳಿ, ಜಿಪ್ ಎಳೆದು ಕೋಟಿನ ಎಡ ಜೇಬಿಗೆ ಇಳಿಸಿದೆ. ತಟ್ಟೆ ಸ್ವಚ್ಛ. ಮನಸ್ಸು ಹಗುರ. ನನ್ನ ಚಾಕಚಕ್ಯತೆಗೆ ನಾನೇ ಬೆರಗಾದೆ.

ನನ್ನ ಯೋಜನೆಯಲ್ಲಿ ಒಂದೇ ಒಂದು ಸಣ್ಣ ದೋಷವಿತ್ತು. ಊಟಕ್ಕೆ ಕರೆದವರು ಖಾಲಿ ತಟ್ಟೆಯನ್ನು ಕಂಡರೆ ಏನು ಮಾಡುತ್ತಾರೆ ಎಂಬುದನ್ನು ನಾನು ಯೋಚಿಸಿರಲಿಲ್ಲ. ಮದುವೆ ಮನೆಗಳಲ್ಲಿ ಸ್ವತಃ ಪಾಯಸದ ಬಕೀಟು ಹಿಡಿದು ಓಡಾಡಿದವನಿಗೆ ಇದು ಹೊಳೆಯಬೇಕಿತ್ತು!

"ಮಿಸ್ಟರ್ ಶ್ರೀ!" ಅಡುಗೆಮನೆಯ ಬಾಗಿಲಲ್ಲಿ ವರ್ನಾ. "ಆಗಲೇ ಮುಗೀತಾ? ಎಷ್ಟು ಹಸಿದಿದ್ರಿ, ಪಾಪ!"

"ಬೇಡ, ಸಾಕು, ಸಾಕು!" ಎಂದು ಎರಡೂ ಕೈ ಅಡ್ಡ ಹಿಡಿದೆ. ನಮ್ಮಲ್ಲಿ ಹಾಗೆಂದರೆ ಇನ್ನೊಂದು ಸೌಟು ಹಾಕಿ ಎಂದರ್ಥ. ಜಮೈಕಾದಲ್ಲೂ ಹಾಗೇ ಅಂತೆ. ಮೊದಲಿಗಿಂತ ಎತ್ತರದ ಗುಡ್ಡೆ ತಟ್ಟೆಯಲ್ಲಿ ಎದ್ದಿತು.

ಅದು ಬಲ ಜೇಬಿಗೆ ಹೋಯಿತು. ವರ್ನಾ ಮತ್ತೆ ಬಂದರು. ಈ ಸಲ ಕಣ್ಣಿನಲ್ಲಿ ನೀರು ನಿಂತಿತ್ತು. "ಬೀಜ ಕೊಟ್ಟವರೇ ಇಷ್ಟು ಪ್ರೀತಿಯಿಂದ ತಿಂದ್ರೆ ನನಗೆ ಇನ್ನೇನು ಬೇಕು!" ಎಂದು ಮೂರನೇ ಗುಡ್ಡೆ ಹಾಕಿದರು. ಅದನ್ನು ಒಳಜೇಬಿಗೆ ಇಳಿಸಿದೆ. ಎದೆಯ ಹತ್ತಿರ ಬಿಸಿಬಿಸಿಯಾಗಿ ದಂಟಿನ ಸೊಪ್ಪು, ಎರಡೂ ಪಕ್ಕದಲ್ಲಿ ತೆಂಗಿನಹಾಲಿನ ಅನ್ನ. ಕೋಟಿನ ಭಾರಕ್ಕೆ ಭುಜ ಜಗ್ಗುತ್ತಿತ್ತು. ಒಳಗಿನ ಹೊಟ್ಟೆ ಮಾತ್ರ ತಾಳ ಹಾಕುತ್ತಿತ್ತು. ಮೈಮೇಲೆ ಮೂರು ಊಟ ಹೊತ್ತುಕೊಂಡು ಹಸಿವಿನಿಂದ ಸಾಯುತ್ತಿದ್ದ ಮನುಷ್ಯ ನ್ಯೂಜೆರ್ಸಿಯಲ್ಲಿ ಅವತ್ತು ನಾನೊಬ್ಬನೇ ಇರಬೇಕು.

ಆಗಲೇ ನನ್ನ ಕಣ್ಣಿಗೆ ಅದು ಬಿತ್ತು. ಡೆಸ್ಮಂಡ್ ವಾಪಸು ಬಂದು ತಮ್ಮ ಊಟ ತರಿಸಿಕೊಂಡಿದ್ದರು. ಒಂದು ಬಾಣಲೆಯಲ್ಲಿ ಕೆಂಪು ಸಾಸಿನೊಳಗೆ ಸೀಗಡಿಗಳು. ಪಕ್ಕದಲ್ಲಿ, ಬೇರೆಯದೇ ಬಿಳಿ ಪಾತ್ರೆಯಲ್ಲಿ, ಬೆಣ್ಣೆಯ ಚೂರು ಕರಗುತ್ತಿರುವ, ಹಬೆಯಾಡುವ, ಮೆತ್ತಗಿನ ಬಿಳಿಯ ಉಪ್ಪಿಟ್ಟು! ಉಪ್ಪಿಟ್ಟಲ್ಲ, ಆದರೆ ಉಪ್ಪಿಟ್ಟಿನ ಸಾಕ್ಷಾತ್ ಸೋದರಿ.

"ಇದೇನಿದು?" ಎಂದು ಕೇಳಿದೆ. ನಮಗೆ ಬಡಿಸದಿದ್ದುದರ ಬಗ್ಗೆ ಕೇಳುವುದು ಅವಮರ್ಯಾದೆಯಲ್ಲ.

"ಗ್ರಿಟ್ಸ್. ಮೆಕ್ಕೆಜೋಳದ ತರಿ, ಅಷ್ಟೇ," ಎಂದರು ಡೆಸ್ಮಂಡ್. "ನಮ್ಮಮ್ಮ ನಮ್ಮನ್ನು ಇದರಲ್ಲೇ ಬೆಳೆಸಿದ್ದು."

ನಾನು ತನಿಖೆ ಶುರು ಮಾಡಿದೆ. ಬಣ್ಣ ಶುಭ್ರ ಬಿಳಿ. ಬಿಳಿಯೊಳಗೆ ಏನೂ ಅಡಗಲಾರದು. ಸೀಗಡಿ ಆ ಪಾತ್ರೆಯಲ್ಲಿದೆ, ಕಣ್ಣೆದುರಿಗೇ ಇದೆ, ಆದ್ದರಿಂದ ಈ ಪಾತ್ರೆಯಲ್ಲಿಲ್ಲ. ಸೌಟು? ಸೌಟೂ ಬೇರೆ! ಮನೆಯ ಯಜಮಾನನೇ ತನಗಾಗಿ ತರಿಸಿಕೊಂಡದ್ದು, ಅತಿಥಿಗೆಂದು ಬಣ್ಣ ಬಳಿದು ತಂದದ್ದಲ್ಲ. ಮೂವತ್ತು ವರ್ಷದ ಅನುಭವ ಒಮ್ಮತದಿಂದ ತೀರ್ಪು ಕೊಟ್ಟಿತು. ಶುದ್ಧ ಸಸ್ಯಾಹಾರ!

"ಸ್ವಲ್ಪ ರುಚಿ ನೋಡಬಹುದಾ?"

"ಖಂಡಿತ!" ಎಂದು ಡೆಸ್ಮಂಡ್ ಹಿಗ್ಗಿ ಹೀರೇಕಾಯಾದರು. ತಮ್ಮಮ್ಮನ ಊಟವನ್ನು ಕೇಳಿ ಹಾಕಿಸಿಕೊಳ್ಳುವ ಅತಿಥಿ ಅವರಿಗೆ ಇನ್ನೆಲ್ಲಿ ಸಿಗಬೇಕು?

ಮೊದಲ ಚಮಚ ಬಾಯಿಗಿಟ್ಟೆ. ಏನೆಂದು ಹೇಳಲಿ! ಉಪ್ಪು, ಬೆಣ್ಣೆ, ಮತ್ತೆ ಅದರ ಹಿಂದೆ ನಾಲಿಗೆಯನ್ನು ಎಳೆದು ಕೂರಿಸುವ ಏನೋ ಒಂದು ರುಚಿ. ಬಟ್ಟಲು ಖಾಲಿಯಾಯಿತು. ಎರಡನೆಯದು ಹಾಕಿಸಿಕೊಂಡೆ. ಶಾರದೆ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದಳು. ಡೆಸ್ಮಂಡ್ ಊಟವನ್ನು ಕಿತ್ತುಕೊಂಡು ತಿನ್ನುತ್ತಿದ್ದೇನೆಂದು ಅವಳಿಗೆ ಸಂಕೋಚ ಅಂದುಕೊಂಡೆ. ಮತ್ತೆ ತುಳಿದಳು. ಶುಗರ್ ನೆನಪಿಸುತ್ತಿದ್ದಾಳೆ ಅಂದುಕೊಂಡೆ. ಕಿವಿಯ ಹತ್ತಿರ ಬಾಗಿ ಏನೋ ಹೇಳಲು ಬಂದಳು. ಅಷ್ಟರಲ್ಲಿ ಹಿಂದಿನ ಟೇಬಲ್ಲಿನಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಇಡೀ ಹೋಟೆಲು ಎದ್ದು ನಿಂತು ಚಪ್ಪಾಳೆ ತಟ್ಟುತ್ತ ಹಾಡತೊಡಗಿತು. ಡ್ರಮ್ಮಿನವನಿಗೆ ಆವೇಶ ಬಂದಿತ್ತು. ಹಾಡು ಮುಗಿಯುವಷ್ಟರಲ್ಲಿ ನಾನು ಮೂರನೇ ಬಟ್ಟಲು ಮುಗಿಸಿ ಪಾತ್ರೆಯ ತಳವನ್ನು ಕೆರೆಯುತ್ತಿದ್ದೆ.

ವರ್ನಾ ಏಪ್ರನ್ ಬಿಚ್ಚಿಟ್ಟು ಹೊರಗೆ ಬಂದರು. ನನ್ನ ತಟ್ಟೆಯನ್ನು ನೋಡಿದರು. ಖಾಲಿ. "ಮೂರು ಸಲ! ಡೆಸ್ಮಂಡ್, ನೋಡು, ಮೂರು ಸಲ ಹಾಕಿಸಿಕೊಂಡಿದ್ದಾರೆ! ಏಳಿ ಮಿಸ್ಟರ್ ಶ್ರೀ, ನಿಮ್ಮನ್ನೊಮ್ಮೆ ತಬ್ಬಿಕೊಳ್ಳಬೇಕು!"

"ನಮಸ್ಕಾರ, ನಮಸ್ಕಾರ ಸಾಕು," ಎಂದು ಕೈ ಮುಗಿದೆ. ಆ ಕೈಗಳನ್ನೂ ಸೇರಿಸಿಯೇ ಅವರು ನನ್ನನ್ನು ಅಪ್ಪಿಕೊಂಡರು. ಅವರದು ಬಡಪಾಯಿ ಅಪ್ಪುಗೆಯಲ್ಲ. ಕೋಟಿನೊಳಗೆ ಪಟ್ ಎಂದು ಸದ್ದಾಯಿತು. ಆಮೇಲೆ ಎಡಗಡೆ ಇನ್ನೊಂದು ಪಟ್.

ವರ್ನಾ ಹಿಂದೆ ಸರಿದರು. ನನ್ನ ಕೋಟಿನ ಗುಂಡಿಗಳ ನಡುವಿನಿಂದ ದಂಟಿನ ಸೊಪ್ಪು ಮೆಲ್ಲಗೆ ಹೊರಗೆ ಇಣುಕಿತು. ಜೇಬಿನಿಂದ ಅನ್ನ ಉದುರಿತು. ಒಂದು ಅಲಸಂದೆ ಉಂಡೆ ಕೆಳಗೆ ಬಿದ್ದು, ಉರುಳಿಕೊಂಡು ಹೋಗಿ ಹ್ಯಾಟಿನ ಹೆಂಗಸೊಬ್ಬರ ಬೂಟಿನ ಹತ್ತಿರ ನಿಂತಿತು.

ಶಾರದೆ ಮುಖ ಮುಚ್ಚಿಕೊಂಡಳು.

ವರ್ನಾ ನನ್ನ ಒಳಜೇಬಿಗೆ ಕೈ ಹಾಕಿ ಬ್ಯಾಗನ್ನು ಎಳೆದು ಮೇಲೆತ್ತಿದರು.

"ಇದರಲ್ಲಿ ಮೀನು ಹಾಕಿದೀನಿ ಅಂದುಕೊಂಡ್ರಾ?" ಎಂದು ಮೆತ್ತಗೆ ಕೇಳಿದರು. ಆ ದೊಡ್ಡ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದ್ದು. "ಬೆಳಿಗ್ಗೆ ಮೀನಿನ ಗಾಡಿ ಬರೋದಕ್ಕೆ ಮುಂಚೆ ಅಡುಗೆ ಮುಗಿಸಿದೆ. ಹೊಸ ಪಾತ್ರೆ, ಹೊಸ ಎಣ್ಣೆ. ನಿಮಗೆ ಗೊತ್ತಾಗಲಿ ಅಂತ ಬಟ್ಟಲೂ ಬೇರೆ ತಂದೆ. ನನ್ನ ಅಪ್ಪ ಸಾಯೋವರೆಗೂ ಮೀನು ಮಾಂಸ ಮುಟ್ಟಿದವರಲ್ಲ. ಅದೇನು ಅಂತ ನನಗೆ ಗೊತ್ತು. ನೀವು ಯಾಕೆ ಒಂದು ಮಾತು ಕೇಳಲಿಲ್ಲ?"

ನಾಚಿಕೆಯಿಂದ ನನ್ನ ಕಿವಿ ಸುಟ್ಟುಹೋಯಿತು. ಅವರ ಮುಖವನ್ನು ನೋಡುವ ಧೈರ್ಯ ಬರಲಿಲ್ಲ. ಒಬ್ಬ ಹೆಣ್ಣುಮಗಳು ನಸುಕಿನಲ್ಲಿ ಎದ್ದು ನಮಗಾಗಿ ಒಲೆ ಹಚ್ಚಿದ್ದಾರೆ. ನಾನು ಅದನ್ನು ಪ್ಲಾಸ್ಟಿಕ್ಕಿಗೆ ತುಂಬಿದ್ದೇನೆ. "ನಮ್ಮ ಕಡೆ... ಅತಿಥಿಗಳು ಹಾಗೆಲ್ಲ ಕೇಳಬಾರದು," ಎಂದು ತೊದಲಿದೆ.

"ನಮ್ಮ ಕಡೆ ಅತಿಥಿಗಳು ಊಟವನ್ನ ಜೇಬಿಗೆ ಹಾಕಿಕೊಳ್ಳಬಾರದು!" ಎಂದರು ವರ್ನಾ.

ಆಮೇಲೆ ಅವರಿಗೇ ಏನೋ ಹೊಳೆಯಿತು. "ಇರಿ. ಇದೆಲ್ಲ ಜೇಬಿನಲ್ಲಿದ್ದರೆ, ನೀವು ತಿಂದದ್ದೇನು?"

ಡೆಸ್ಮಂಡ್ ಪಾಪ, ಖುಷಿಯಿಂದಲೇ ಖಾಲಿ ಬಿಳಿ ಪಾತ್ರೆಯನ್ನು ಎತ್ತಿ ತೋರಿಸಿದರು. "ನನ್ನ ಗ್ರಿಟ್ಸ್! ಒಂದು ಅಗುಳೂ ಬಿಟ್ಟಿಲ್ಲ!"

ವರ್ನಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಗಂಡನನ್ನು ನೋಡಿದರು. ನನ್ನನ್ನು ನೋಡಿದರು. "ಡೆಸ್ಮಂಡ್," ಎಂದರು, "ಅದನ್ನು ನಾವು ಬೇಯಿಸೋದೇ ಸೀಗಡಿಯ ಸಿಪ್ಪೆ ಕುದಿಸಿದ ನೀರಲ್ಲಿ."

ಡೆಸ್ಮಂಡ್ ಮುಖ ಬಿಳಿಚಿತು. ಅವರಿಗೆ ನನ್ನ ನಿಯಮ ಗೊತ್ತಿತ್ತು, ಆದರೆ ತಮ್ಮಮ್ಮನ ಗ್ರಿಟ್ಸಿನಲ್ಲಿ ಸೀಗಡಿ ಇದೆ ಎಂಬುದು ಅವರ ತಲೆಗೆ ಬಂದೇ ಇರಲಿಲ್ಲ. ನಮಗೆ ಸಾರಿನಲ್ಲಿ ಇಂಗಿರುವುದು ಮರೆತುಹೋಗುವ ಹಾಗೆ.

"ನಾನು ಅದನ್ನೇ ಹೇಳಕ್ಕೆ ಬಂದಿದ್ದು," ಎಂದು ಶಾರದೆ ಕನ್ನಡದಲ್ಲಿ ಹಲುಬಿದಳು. "ನೀಲಿ ಬಟ್ಟಲಿನದಲ್ಲ ಅದು, ಬಿಡಿ ಅಂತ ಎಷ್ಟು ಸಲ ಕಾಲು ತುಳಿದೆ! ನಿಮಗೆ ಬಡಿಸಿದ್ದರ ಮೇಲೆ ಅನುಮಾನ. ಬಡಿಸದೇ ಇರೋದರ ಮೇಲೆ ನಂಬಿಕೆ!"

ಮೂವತ್ತು ವರ್ಷದ ದಾಖಲೆ ಮೂರು ಬಟ್ಟಲಿಗೆ ಮುಗಿದಿತ್ತು. ಅದೂ ನಾನೇ ಕೇಳಿ, ಹಾಕಿಸಿಕೊಂಡು, ತಳ ಕೆರೆದು! ನನಗೆ ಅಳು ಬಂತು, ನಿಜವಾಗಿಯೂ. ವಾಂತಿ ಬರಲಿ ಎಂದು ಕಾದೆ. ಹೊಟ್ಟೆ ನನ್ನ ಜೊತೆ ಸಹಕರಿಸಲಿಲ್ಲ. ಅದು ಬಹಳ ಸಮಾಧಾನದಿಂದ ಇತ್ತು.

ವರ್ನಾ ಒಳಗೆ ಹೋದರು. ಕೋಪ ಮಾಡಿಕೊಂಡು ಹೋದರೇನೋ ಎಂದುಕೊಂಡರೆ, ನೀಲಿ ಬಟ್ಟಲುಗಳಲ್ಲಿ ಉಳಿದಿದ್ದ ಸೊಪ್ಪು, ಅನ್ನ, ಉಂಡೆಗಳನ್ನು ಹೊಸ ತಟ್ಟೆಗೆ ತುಂಬಿಸಿಕೊಂಡು ಬಂದರು. ನನ್ನ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತರು. "ಕೋಟು ತೆಗೀರಿ," ಎಂದರು. ತೆಗೆದೆ. "ಈಗ ತಿನ್ನಿ. ನಾನು ನೋಡಬೇಕು."

ಮೂರು ಬಟ್ಟಲು ಗ್ರಿಟ್ಸ್ ಗಂಟಲಿನವರೆಗೆ ನಿಂತಿತ್ತು. ಆದರೂ ತಿಂದೆ. ಅವರು ಒಂದೊಂದು ತುತ್ತನ್ನೂ ಬಾಯಿಯವರೆಗೆ ಕಣ್ಣಿನಲ್ಲೇ ಹಿಂಬಾಲಿಸಿದರು. ದಂಟಿನ ಸೊಪ್ಪು ಅಮೃತದ ಹಾಗಿತ್ತು. ತಟ್ಟೆಯ ಮುಕ್ಕಾಲು ಭಾಗ ಮುಗಿದಾಗ ವರ್ನಾ ತುಟಿಯ ಮೂಲೆ ಅಲುಗಿತು. ಮುಗಿಯುವ ಹೊತ್ತಿಗೆ ಅವರು ಟೇಬಲ್ಲು ಹಿಡಿದುಕೊಂಡು ನಗುತ್ತಿದ್ದರು. ಶಾರದೆಯಂತೂ ಅವರ ಭುಜಕ್ಕೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ನಗದೆ ಇದ್ದವರು ನಾನು ಮತ್ತು ಡೆಸ್ಮಂಡ್ ಇಬ್ಬರೇ. ಡೆಸ್ಮಂಡ್ ಕಾರಿನವರೆಗೆ ಬಂದು ದಾರಿಯುದ್ದಕ್ಕೂ "ಸಾರಿ" ಹೇಳಿದರು.

ಮನೆಗೆ ಬಂದು ತಲೆಗೆ ಸ್ನಾನ ಮಾಡಿದೆ. ದೇವರ ಮುಂದೆ ತಪ್ಪೊಪ್ಪಿಕೊಂಡೆ. ವಾರ ಪೂರ್ತಿ ಯಾರ ಫೋನನ್ನೂ ಎತ್ತಲಿಲ್ಲ. ಶಾರದೆ ಕೋಟನ್ನು ಡ್ರೈಕ್ಲೀನಿಂಗಿಗೆ ಕೊಡಲು ಹೋದಾಗ ಅಂಗಡಿಯವನು ಜೇಬಿನೊಳಗೆ ಇಣುಕಿ ನೋಡಿ, "ಏನಾಯಿತು ಇದಕ್ಕೆ?" ಎಂದು ಕೇಳಿದನಂತೆ. "ಗೌರವಕ್ಕೆ ಹಾಕಿಕೊಂಡಿದ್ದರು," ಎಂದು ಹೇಳಿ ಬಂದಳು.

ಮುಂದಿನ ಭಾನುವಾರ ಬಾಗಿಲು ಬಡಿಯಿತು. ವರ್ನಾ ನಿಂತಿದ್ದರು, ಕೈಯಲ್ಲಿ ಮುಚ್ಚಿದ ಹೊಸ ಪಾತ್ರೆ. "ಡೆಸ್ಮಂಡ್‌ಗೆ ವಾರದಿಂದ ನಿದ್ದೆ ಇಲ್ಲ. ಅದಕ್ಕೆ ನಿಮಗೋಸ್ಕರ ಬೇರೆ ಮಾಡಿದೆ. ಬರೀ ತರಕಾರಿ ಬೇಯಿಸಿದ ನೀರು, ಬೆಣ್ಣೆ, ಮೆಕ್ಕೆಜೋಳದ ತರಿ. ಏನು ಬೇಕಾದರೂ ಕೇಳಿ, ಹೇಳ್ತೀನಿ." ನಾನು ಏನನ್ನೂ ಕೇಳಲಿಲ್ಲ. ಎರಡೂ ಕೈಯಲ್ಲಿ ಪಾತ್ರೆ ತೆಗೆದುಕೊಂಡೆ. ಮನಸ್ಸು ತುಂಬಿ ಬಂತು.

ಅವರು ಹೋದ ಮೇಲೆ ಶಾರದೆ ಬಡಿಸಿದಳು. ಬಿಸಿಯಾಗಿ, ಬೆಳ್ಳಗೆ, ಬೆಣ್ಣೆ ಕರಗುತ್ತಿತ್ತು. ಯಾವ ಅನುಮಾನವೂ ಇಲ್ಲದೆ, ಜೀವಮಾನದಲ್ಲೇ ಮೊದಲ ಸಲ ಪೂರ್ಣ ವಿಶ್ವಾಸದಿಂದ ಒಂದು ಚಮಚ ಬಾಯಿಗಿಟ್ಟೆ. ಇನ್ನೊಂದು ಚಮಚ ತಿಂದೆ. ಚಮಚ ಕೆಳಗಿಟ್ಟು ಯೋಚಿಸಿದೆ.

"ಚೆನ್ನಾಗಿದೆ. ಆದ್ರೆ ಏನೋ ಒಂದು ಕಮ್ಮಿ ಅನ್ನಿಸ್ತಿದೆ ಕಣೇ," ಎಂದೆ.

ಶಾರದೆ ಸೌಟನ್ನು ಹಿಡಿದಂತೆಯೇ ನನ್ನನ್ನು ದಿಟ್ಟಿಸಿ ನೋಡಿದಳು. "ಏನು ಕಮ್ಮಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಾಯಿ ಮುಚ್ಕೊಂಡು ತಿನ್ನಿ."

ಬಾಯಿ ಮುಚ್ಚಿಕೊಂಡು ಒಂದು ಚಿಟಿಕೆ ಉಪ್ಪು ಹಾಕಿಕೊಂಡೆ. ಕಮ್ಮಿಯಾಗಿದ್ದದ್ದು ಉಪ್ಪಲ್ಲ!